ಅರ್ಗಾದ ಫೋಟೋಗಳಿಗೊಂದು ಮನೆ

ಫೋಟೋ ತೆಗೆಯೋದು ಈಗ ಉಸಿರಾಡಿದಷ್ಟು ಸಲೀಸು. ಆದರೆ ತೆಗೆದದ್ದನ್ನು ನಾಲ್ಕು ಜನಕ್ಕೆ ನೆಟ್ಟಗೆ ತೋರಿಸೋದು, ಹತ್ತು ವರ್ಷ ಬಿಟ್ಟು ಮತ್ತೆ ಹುಡುಕಿ ತೆಗೆಯೋದು ಇದೆಯಲ್ಲ, ಅದರಷ್ಟು ತಲೆನೋವಿನ ಕೆಲಸ ಇನ್ನೊಂದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತು ದಿನವಿಡೀ ಬೇರೆಯವರ ಡೇಟಾ ಕಾಯುವ ನನಗೇ ಹೀಗಾದರೆ ಊರಲ್ಲಿರುವ ಆಯಿಯ ಪಾಡೇನು ಹೇಳಿ! ಕೊನೆಗೆ ರೋಸಿಹೋಗಿ ಮನೆಮಂದಿಗಾಗಿ ನಾನೇ ಒಂದು ಗ್ಯಾಲರಿ ಕಟ್ಟಿದೆ. ಯಾಕೆ, ಹೇಗೆ ಅಂತ ಬರೆದಿಟ್ಟರೆ ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲು ಫೋಟೋಗಳ ಬಗ್ಗೆ. ನಮ್ಮೂರು ಅರ್ಗಾ. ಕಾರವಾರದಿಂದ ಅಂಕೋಲೆ ಕಡೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಬಿಣಗಾ ದಾಟಿದ ಮೇಲೆ ಸಿಗುತ್ತದೆ. ಬಸ್ಸಿನ ಬಲಗಡೆ ಕಿಟಕಿಯಲ್ಲಿ ಕೂತವರಿಗೆ ಸಮುದ್ರಕ್ಕಿಂತ ಮೊದಲು ಕಾಣೋದು ನೌಕಾನೆಲೆಯ ಗೋಡೆ. 1986ರ ಅಕ್ಟೋಬರ್ 24ರಂದು ಆಗಿನ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟು ಎದ್ದವು. ಅವುಗಳಲ್ಲಿ ನಮ್ಮ ಅಜ್ಜನ ಮನೆಯೂ ಒಂದು. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಮನೆ ಇರಲಿಲ್ಲ. ನಾನು ಬೆಳೆದದ್ದು ನಿರಾಶ್ರಿತರ ಕಾಲನಿಯಲ್ಲಿ.

ಬೇರೆಯವರು ಹಳೇ ಊರು ನೆನಪಾದರೆ ಒಂದು ಭಾನುವಾರ ಹೋಗಿ ನೋಡಿ ಬರಬಹುದು. ನಮಗೆ ಹಾಗಿಲ್ಲ. ಒಳಗೆ ಹೋಗೋದಂತಿರಲಿ, ಗೋಡೆ ಕಡೆ ಕ್ಯಾಮೆರಾ ಎತ್ತೋ ಹಾಗೂ ಇಲ್ಲ. 2019ರ ಡಿಸೆಂಬರಿನಲ್ಲಿ ನೌಕಾಪಡೆ ತನ್ನ ಸಿಬ್ಬಂದಿಗೇ ನೆಲೆಗಳಲ್ಲಿ, ಹಡಗುಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತು. ದೇಶದ ರಕ್ಷಣೆಯ ವಿಷಯ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಜ್ಜನ ಮನೆಯ, ಅದರ ಅಂಗಳದ ಹೊಸ ಫೋಟೋ ಇನ್ನು ಯಾವತ್ತೂ ಹುಟ್ಟೋದಿಲ್ಲ ಅನ್ನೋದಂತೂ ಖಾತ್ರಿ. ನಾಲ್ಕು ಮನೆಗಳ ಟ್ರಂಕು, ಕಪಾಟು, ದೇವರ ಕೋಣೆಯ ಗೋಡೆ ಎಲ್ಲ ಜಾಲಾಡಿದಾಗ ಸಿಕ್ಕಿದ್ದು 162 ಫೋಟೋ. ನಮ್ಮ ಪಾಲಿನ ಅರ್ಗಾ ಅಂದರೆ ಅಷ್ಟೇ.

ಇವನ್ನು ಎಲ್ಲಿಡೋದು? ಪುಕ್ಕಟೆ ಜಾಗಗಳ ಚರಿತ್ರೆ ನೋಡಿ. ಯಾಹೂ ಫೋಟೋಸ್ 2007ರಲ್ಲಿ ಮುಚ್ಚಿತು. ನಮ್ಮ ಅಕ್ಕಂದಿರ ಕಾಲದ ಆರ್ಕುಟ್ 2014ರಲ್ಲಿ ಹೋಯಿತು. ಪಿಕಾಸಾ ಮತ್ತು ಪನೋರಮಿಯೋ 2016ರಲ್ಲಿ. 2017ರಲ್ಲಿ ಫೋಟೋಬಕೆಟ್, ತನ್ನಲ್ಲಿಟ್ಟ ಚಿತ್ರವನ್ನು ಬೇರೆ ತಾಣದಲ್ಲಿ ತೋರಿಸಬೇಕೆಂದರೆ ವರ್ಷಕ್ಕೆ 399 ಡಾಲರ್ ಕೊಡಿ ಅಂದಿತು. ಫ್ಲಿಕರ್ 2019ರಿಂದ ಪುಕ್ಕಟೆ ಖಾತೆಗೆ ಸಾವಿರ ಚಿತ್ರಗಳ ಮಿತಿ ಹಾಕಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಸಂಗ್ರಹ 2021ರ ಜೂನ್ 1ಕ್ಕೆ ಮುಗಿಯಿತು. ಯಾರನ್ನೂ ಬೈಯುತ್ತಿಲ್ಲ. ಡಿಸ್ಕಿಗೂ ಕರೆಂಟಿಗೂ ದುಡ್ಡು ಬೇಕಲ್ಲ. ಆದರೆ ಒಂದು ಸಲ ಎದ್ದು ಬಂದ ಮನೆಯ ಫೋಟೋಗಳನ್ನು ಮತ್ತೆ ಬಾಡಿಗೆ ಮನೆಯಲ್ಲಿಟ್ಟು, ಮಾಲೀಕ ಯಾವಾಗ ಖಾಲಿ ಮಾಡಿಸುತ್ತಾನೋ ಅಂತ ಕಾಯೋದು ನನಗೆ ಬೇಡವಾಗಿತ್ತು.

ಹಾಗಂತ ಪ್ರಯತ್ನ ಮಾಡಲಿಲ್ಲ ಅಂತಲ್ಲ. ಒಂದು ಜನಪ್ರಿಯ ಸೇವೆಗೆ ಎಲ್ಲ ಏರಿಸಿದೆ (ಹೆಸರು ಬೇಡ ಬಿಡಿ). ಅದು 162 ಫೋಟೋಗಳನ್ನೂ ನಾನು ಸ್ಕ್ಯಾನ್ ಮಾಡಿದ ಶನಿವಾರಕ್ಕೇ ಜೋಡಿಸಿತು. ಅಜ್ಜನ ಮದುವೆ, ಅಪ್ಪನ ಶಾಲೆ, ಕಾಕಾನ ಜವಳ ಎಲ್ಲ ಒಂದೇ ಮಧ್ಯಾಹ್ನ! ತಾರೀಖು ಸರಿಪಡಿಸೋಣ ಅಂದರೆ ದಿನ, ತಿಂಗಳು, ವರ್ಷ ಮೂರೂ ಕೇಳುತ್ತದೆ. ಅಜ್ಜಿಗೆ ಗೊತ್ತಿರೋದು "ದೊಡ್ಡವನನ್ನು ಶಾಲೆಗೆ ಹಾಕಿದ ವರ್ಷ, ಗದ್ದೆ ಕೊಯ್ಲು ಮುಗಿದಿತ್ತು" ಅಂತ ಮಾತ್ರ. ಇದನ್ನು ಯಾವ ಖಾನೆಯಲ್ಲಿ ತುಂಬೋದು?

ಇನ್ನೊಂದು ಕಿರಿಕಿರಿ ಕತ್ತರಿಸೋದು. ಈ ಸೇವೆಗಳು ಮುಖ ಹುಡುಕಿ, ಅದನ್ನು ನಡುವಿಟ್ಟು ಚೌಕಾಕಾರದ ಚಿಕ್ಕ ಚಿತ್ರ ಮಾಡುತ್ತವೆ. ಬೇರೆಯವರಿಗೆ ಅದು ಸರಿ. ನಮ್ಮ ಫೋಟೋಗಳಲ್ಲಿ ಮುಖದಷ್ಟೇ ಮುಖ್ಯವಾದದ್ದು ಬೆನ್ನ ಹಿಂದೆ ಇದೆ: ಮಾಡಿನ ಅಂಚು, ಬಾವಿಕಟ್ಟೆ, ತುಳಸಿಕಟ್ಟೆ, ಅಂಗಳದಾಚೆ ಗದ್ದೆ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿದ್ದಾಗ ನಮ್ಮ ಮನೆಯ ಚಾಟ್ ಗುಂಪಿನಲ್ಲಿ ಎಲ್ಲರೂ ಅದರ ಫೋಟೋ ಹುಡುಕಿದರು. ಸೇತುವೆ ಮೇಲೆ ನಿಂತು ತೆಗೆಸಿಕೊಂಡದ್ದು ಎಲ್ಲರ ಹತ್ತಿರವೂ ಇತ್ತು. ಸೇತುವೆಯದ್ದು ಯಾರ ಹತ್ತಿರವೂ ಇರಲಿಲ್ಲ. ಅದೇ ಗುಂಪಿನಲ್ಲಿ ಕಳಿಸಿದ ಫೋಟೋ ಎರಡು ಕೈ ದಾಟುವಷ್ಟರಲ್ಲಿ ಹಿಂಡಿದ ಬಟ್ಟೆಯ ಹಾಗಾಗಿರುತ್ತದೆ. ಹಿಗ್ಗಿಸಿ ನೋಡಿದರೆ ಬಾವಿಯೂ ಒಂದೇ, ಬಂಡೆಯೂ ಒಂದೇ.

ಸರಿ, ಕಟ್ಟಿದ್ದು ಹೇಗೆ? ಡೇಟಾಬೇಸ್ ಇಲ್ಲ, ಲಾಗಿನ್ ಖಾತೆಗಳಿಲ್ಲ. ಅಂಗೈಯಗಲದ 3.5 × 5 ಇಂಚಿನ ಪ್ರತಿಯನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ 2100 × 3000 ಪಿಕ್ಸೆಲ್ ಸಿಗುತ್ತದೆ. ಈ ಮೂಲವನ್ನು ಮುಟ್ಟೋದಿಲ್ಲ. ಪ್ರತಿ ಫೋಟೋ ಪಕ್ಕ ಅದೇ ಹೆಸರಿನ ಒಂದು ಪಠ್ಯ ಕಡತ: ಯಾರು, ಎಲ್ಲಿ, ಯಾವಾಗ, ಹೇಳಿದವರು ಯಾರು. ಪೈಥಾನಿನಲ್ಲಿ ಬರೆದ ಸಣ್ಣ ಸ್ಕ್ರಿಪ್ಟು ಇವನ್ನೋದಿ, ಇಮೇಜ್‌ಮ್ಯಾಜಿಕ್ ಬಳಸಿ ಎರಡು ಚಿಕ್ಕ ಅಳತೆಗಳನ್ನು ಮಾಡಿ (ಕತ್ತರಿಸದೆ!) ಸಾದಾ ಎಚ್‌ಟಿಎಂಎಲ್ ಪುಟಗಳನ್ನು ಬರೆಯುತ್ತದೆ. ಅಷ್ಟೇ.

ಅಂದಾಜು ತಾರೀಖಿಗೆ ಹೊಸದೇನೂ ಕಂಡುಹಿಡಿಯಬೇಕಾಗಲಿಲ್ಲ. ಗ್ರಂಥಾಲಯದವರು ಈ ತಾಪತ್ರಯವನ್ನು ನಮಗಿಂತ ಮೊದಲೇ ಕಂಡವರು. ಇಡಿಟಿಎಫ್ ಅನ್ನೋ ಬರವಣಿಗೆ ಕ್ರಮ ಇದೆ, 2019ರಲ್ಲಿ ಐಎಸ್‌ಒ 8601ರ ಎರಡನೇ ಭಾಗಕ್ಕೆ ಸೇರಿತು. 1978~ ಅಂತ ಬರೆದರೆ "ಸುಮಾರು 1978" ಅಂತರ್ಥ. ಅದರ ಕೆಳಗೆ ಅಜ್ಜಿಯ ಮಾತು ಹಾಗೇ ಇರುತ್ತದೆ.

ಕನ್ನಡಿಗರಿಗೆ ಮಾತ್ರ ಸಿಗುವ ಒಂದು ಮಜಾ ಹೇಳಬೇಕು. ಕಾಕಾನ ಮಗಳು ತನ್ನ ಹಳೇ ಮ್ಯಾಕಿನಿಂದ "ತೋಟ" ಅನ್ನೋ ಫೋಲ್ಡರ್ ಕಳಿಸಿದಳು. ನನ್ನ ಲಿನಕ್ಸಿನಲ್ಲೂ "ತೋಟ" ಇತ್ತು. ಎರಡೂ ಪಕ್ಕಪಕ್ಕ ಕೂತವು, ಒಂದಾಗಲಿಲ್ಲ! ಯುನಿಕೋಡಿನಲ್ಲಿ "ೋ" ಅನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ಹಳೇ ಮ್ಯಾಕುಗಳ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ರೂಪಕ್ಕೆ ತರುವ ಒಂದು ಸಾಲು ಸೇರಿಸಿದ ಮೇಲೆ ಎರಡು ತೋಟ ಒಂದಾದವು :-)

ಅಜ್ಜಿಗೆ ಟೈಪ್ ಮಾಡಲು ಬರೋದಿಲ್ಲ. ಅವರ ಮಾತು ಕೊಂಕಣಿ, ಜೊತೆಗೆ ಅಷ್ಟಿಷ್ಟು ಕನ್ನಡ. ಹಾಗಾಗಿ ಪ್ರತಿ ಫೋಟೋ ತೋರಿಸಿ ಅವರು ಹೇಳಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿದೆ. ಫೋಟೋ ಕೆಳಗೆ ಒಂದು ಗುಂಡಿ. ಒತ್ತಿದರೆ ಅಜ್ಜಿ ಮಾತಾಡುತ್ತಾರೆ. ಒಂದು ಮದುವೆ ಫೋಟೋಕ್ಕೆ ನಾಲ್ಕು ನಿಮಿಷ ಮಾತಾಡಿದ್ದಾರೆ. ಅದರಲ್ಲಿ ಮದುಮಗಳ ಬಗ್ಗೆ ಅರ್ಧ ನಿಮಿಷ, ಉಳಿದದ್ದೆಲ್ಲ ಹಿಂದಿನ ಹಲಸಿನ ಮರದ ಬಗ್ಗೆ.

ಗಟ್ಟಿ ಜಗಳ ನಡೆದದ್ದು ಬೇರೆ ವಿಷಯಕ್ಕೆ. ಕಾಕಾ "ಇದನ್ನು ಎಲ್ಲರಿಗೂ ತೆರೆದಿಡು, ನಮ್ಮೂರು ಹೇಗಿತ್ತು ಅಂತ ಜಗತ್ತು ನೋಡಲಿ" ಅಂದ. ಆಯಿ ಒಪ್ಪಲಿಲ್ಲ. "ಫೋಟೋದಲ್ಲಿ ನಮ್ಮ ಮನೆಯವರು ಮಾತ್ರ ಇದ್ದಾರಾ? ನೆರೆಮನೆಯ ಹೆಣ್ಣುಮಕ್ಕಳಿದ್ದಾರೆ, ಅವರನ್ನು ಕೇಳಿದೆಯಾ?" ಅಂದಳು. ಕಾಕಾನ ಮಾತಿನಲ್ಲಿ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದವನ ಸಿಟ್ಟಿತ್ತು. ಆಯಿಯ ಮಾತಿನಲ್ಲಿ ನ್ಯಾಯವಿತ್ತು. ಕೊನೆಗೆ ಜನರಿರುವ ಫೋಟೋಗಳಿಗೆಲ್ಲ ಒಂದು ಪಾಸ್‌ವರ್ಡ್ ಹಾಕಿದೆ. ಅದು ಹಳೇ ಅರ್ಗಾದವರಿಗೆ ಮಾತ್ರ ಉತ್ತರ ಗೊತ್ತಿರುವ ಒಂದು ಪ್ರಶ್ನೆ. ಬ್ಯಾಂಕಿನ ಭದ್ರತೆ ಅಲ್ಲ, ಅಂಗಳದ ದಣಪೆ ಅಷ್ಟೇ. ದನ ಬರದಿದ್ದರೆ ಸಾಕು. ಮನೆ, ಗದ್ದೆ, ಬಾವಿ ಮಾತ್ರ ಇರುವ ಹತ್ತೊಂಬತ್ತು ಫೋಟೋ ಎಲ್ಲರಿಗೂ ತೆರೆದಿವೆ.

ಇಡೀ ಗ್ಯಾಲರಿ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ, ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆ. ಒಂದು ಪ್ರತಿ ಸರ್ವರಿನಲ್ಲಿ, ಒಂದು ನನ್ನ ಹಾರ್ಡ್ ಡಿಸ್ಕಿನಲ್ಲಿ, ಒಂದು ಕಾಕಾನ ಗೋದ್ರೇಜ್ ಕಪಾಟಿನಲ್ಲಿ ಜಮೀನಿನ ಕಾಗದಗಳ ಜೊತೆ. ನಾನು ಬಾಡಿಗೆ ಕಟ್ಟೋದು ಬಿಟ್ಟರೂ ಎರಡು ಉಳಿಯುತ್ತವೆ.

ತಂತ್ರಜ್ಞಾನದ ಕೆಲಸ ಮುಗಿದದ್ದು ಮೂರು ವಾರಾಂತ್ಯದಲ್ಲಿ. ಮುಗಿಯದೇ ಇರೋದು ಇನ್ನೊಂದು. 162ರಲ್ಲಿ 37 ಫೋಟೋಗಳಲ್ಲಿ "ಇವರು ಯಾರು?" ಅನ್ನೋ ಸಾಲು ಖಾಲಿ ಇದೆ. ಅರ್ಗಾದವರು ಈಗ ಒಂದು ಕಡೆ ಇಲ್ಲ, ಕಾಲನಿಗಳಿಗೆ, ಗೋವಾಕ್ಕೆ, ಮುಂಬಯಿಗೆ ಚದುರಿಹೋಗಿದ್ದಾರೆ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಲ್ಯಾಪ್‌ಟಾಪ್ ಹಿಡಿದು ಮನೆ ಮನೆಗೆ ಹೋಗಿ ಕೇಳುತ್ತೇನೆ. ಕಳೆದ ಸಲ ಮೂರು ಹೆಸರು ಸಿಕ್ಕವು. ಆದರೆ ಹೆಸರು ಹೇಳಬಹುದಾಗಿದ್ದ ಇಬ್ಬರು ಅಷ್ಟರೊಳಗೆ ತೀರಿಕೊಂಡಿದ್ದರು.

ನಿಮ್ಮ ಮನೆಯಲ್ಲೂ ಒಂದು ಆಲ್ಬಮ್ ಇದ್ದೇ ಇರುತ್ತದೆ. ಸ್ಕ್ಯಾನರ್ರು, ಸರ್ವರ್ರು ಎಲ್ಲ ಆಮೇಲೆ. ಈ ಸಲ ಊರಿಗೆ ಹೋದಾಗ ಒಂದು ಮೆತ್ತನೆಯ ಪೆನ್ಸಿಲ್ ತಗೊಂಡು ಹೋಗಿ, ಹಿರಿಯರ ಪಕ್ಕ ಕೂತು, ಫೋಟೋ ಹಿಂದೆ ಹೆಸರು ಬರೆಯಿರಿ.