ಒಂದೇ ಸುಳ್ಳಿನ ಲೀಗು

ಇಳಕಲ್ಲಿಗೆ ರೈಲಿಲ್ಲ. ನಮ್ಮ ಕಾಗದದ ಲೀಗಿನಲ್ಲೂ ಇಲ್ಲ. ಇಡೀ ಫುಟ್‌ಬಾಲ್ ಲೀಗನ್ನೇ ಹುಟ್ಟಿಸಿದವರಿಗೆ ನಾಲ್ಕು ಮೈಲಿ ಹಳಿ ಹಾಸುವುದು ಏನು ದೊಡ್ಡದು ಎಂದು ದೊಡ್ಡಪ್ಪನ ಮಗ ಎಷ್ಟೋ ಸಲ ಜಗಳ ತೆಗೆದಿದ್ದಾನೆ. ಬಾದಾಮಿ, ಬಾಗಲಕೋಟೆ ತಂಡಗಳು ಗದಗ-ಹೊಟಗಿ ಮಾರ್ಗದ ಗಾಡಿಯಲ್ಲಿ ಕಿಟಕಿಗೆ ಮೊಣಕೈ ಊರಿಕೊಂಡು ಹೋಗುತ್ತವೆ, ನಮ್ಮವರು ಮಾತ್ರ ಲಾರಿಯಲ್ಲಿ ನೂಲಿನ ಮೂಟೆಗಳ ಮೇಲೆ ಕೂತು ಧೂಳು ಕುಡಿಯಬೇಕು ಎಂಬುದು ಅವನ ಸಂಕಟ. ಸಂಕಟ ನಿಜ. ಆದರೆ ಲೀಗಿಗೆ ಒಂದೇ ಸುಳ್ಳು ಎಂದು ಮೊದಲೇ ಕರಾರಾಗಿದೆ. ಅದನ್ನು ಹೇಳಿ ಮುಗಿದಿದೆ. 2025ರಲ್ಲಿ ಕುಷ್ಟಗಿಗೆ ರೈಲು ಬಂದಾಗ ನಮ್ಮ ಕಿರ್ದಿಯಲ್ಲೂ ಬಂತು. ಇಳಕಲ್ಲಿನವರು ಕಿರ್ದಿಯ ಒಳಗೂ ಹೊರಗೂ ಹೊಟ್ಟೆ ಉರಿದುಕೊಂಡರು.

ಆ ಒಂದು ಸುಳ್ಳು ಇದು. 1949ರ ಬೇಸಿಗೆಯಲ್ಲಿ ಹೈದರಾಬಾದಿನಿಂದ ಕುಷ್ಟಗಿಗೆ ವರ್ಗವಾಗಿ ಬಂದ ಪೊಲೀಸ್ ಪೇದೆಯೊಬ್ಬ ಹೆಂಡತಿಗೆ ಸೀರೆ ಕೊಳ್ಳಲೆಂದು ಇಳಕಲ್ಲಿಗೆ ಬಂದ. ಸೆರಗಿನ ರೇಷ್ಮೆ ನೋಡಿ ಮನಸ್ಸು ದೊಡ್ಡದಾಯಿತು, ಜೇಬು ಆಗಲಿಲ್ಲ. ಬಾಕಿಗೆ ಒತ್ತೆಯೆಂದು ತನ್ನ ಫುಟ್‌ಬಾಲನ್ನು ಅಂಗಡಿಯಲ್ಲಿ ಇಟ್ಟುಹೋದ. ಬಿಡಿಸಿಕೊಳ್ಳಲು ಬರಲೇ ಇಲ್ಲ.

ಉಳಿದದ್ದೆಲ್ಲ ಲೆಕ್ಕ. ಆಗ ಇಳಕಲ್ಲು ಇದ್ದದ್ದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯ ಹುನಗುಂದ ತಾಲೂಕಿನಲ್ಲಿ. ದಕ್ಷಿಣಕ್ಕೆ ಸ್ವಲ್ಪ ನಡೆದರೆ ಹೈದರಾಬಾದ್ ಸಂಸ್ಥಾನದ ಸೀಮೆ, ಕುಷ್ಟಗಿ, ಹನುಮಸಾಗರ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮೇಲೆ ಆ ಗಡಿಯ ಬಿಗಿ ಸಡಿಲಾಯಿತು. ಹೈದರಾಬಾದಿನ ಪೊಲೀಸರು ಫುಟ್‌ಬಾಲಿನಲ್ಲಿ ಎಂಥವರೆಂದರೆ, ಸೈಯದ್ ಅಬ್ದುಲ್ ರಹೀಮ್ ತರಬೇತಿಯ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದೂ ವರ್ಷ ರೋವರ್ಸ್ ಕಪ್ ಗೆದ್ದಿತು. ಆ ಪಡೆಯ ಒಬ್ಬ ಪೇದೆಯ ಹತ್ತಿರ ಚೆಂಡು ಇರುವುದು, ಅವನು ಗಡಿ ದಾಟಿ ಸೀರೆಪೇಟೆಗೆ ಬರುವುದು, ಇದರಲ್ಲಿ ನಂಬಲಾಗದ್ದು ಏನಿದೆ? ಇಳಕಲ್ ಸೀರೆಯ ಮೈ ಒಂದು ಹಾಸು, ಸೆರಗು ಇನ್ನೊಂದು. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ನಿಜದ ಇತಿಹಾಸಕ್ಕೆ ನಮ್ಮ ಸುಳ್ಳನ್ನು ನಾವು ಹಾಗೆ ಕೂಡಿಸಿದೆವು. ಒಂದು ಎಳೆ ತಪ್ಪಿದರೂ ಅಲ್ಲೇ ಗಂಟು ಕಾಣುತ್ತದೆ.

ಕಿರ್ದಿ ಎಂದೆ. ಕೆಂಪು ಅರಿವೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನಾವು ಅದನ್ನು ಹೊಡೆದ ಗೋಲು, ತಿಂದ ಗೋಲು ಎಂದು ಓದಿಕೊಂಡೆವು. ಎಂಟು ತಂಡ: ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆ, ಗುಳೇದಗುಡ್ಡ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ. ಪ್ರತಿ ತಂಡವೂ ಉಳಿದ ಏಳರ ಜೊತೆ ಊರಲ್ಲೊಮ್ಮೆ, ಪರಊರಲ್ಲೊಮ್ಮೆ ಆಡಿದರೆ ವರ್ಷಕ್ಕೆ ಒಟ್ಟು 56 ಪಂದ್ಯ. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಗೆಲುವಿಗೆ ಮೂರು ಅಂಕ ಕೊಡುವುದು ಇಂಗ್ಲೆಂಡಿನಲ್ಲಿ ಶುರುವಾದದ್ದು 1981ರಲ್ಲಿ, ವಿಶ್ವಕಪ್ಪಿಗೆ ಬಂದದ್ದು 1994ರಲ್ಲಿ. ನಾವು ಅದಕ್ಕೂ ಮುಂದೆ ಓಡಲಿಲ್ಲ.

ಫಲಿತಾಂಶ ನಮ್ಮ ಕೈಯಲ್ಲಿ ಇರಲಿಲ್ಲ, ಹುಣಸೆಬೀಜದ ಕೈಯಲ್ಲಿತ್ತು. ಚೌಕಾಬಾರಕ್ಕೆ ಮಾಡುವಂತೆ ಬೀಜದ ಒಂದು ಮಗ್ಗಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡುವುದು. ಊರಿನ ತಂಡಕ್ಕೆ ಮೂರು ಬೀಜ, ಬಂದ ತಂಡಕ್ಕೆ ಎರಡು. ಎಷ್ಟು ಬೆಳ್ಳಗೆ ಬಿತ್ತೋ ಅಷ್ಟು ಗೋಲು. ಎಲ್ಲವೂ ಬೆಳ್ಳಗೆ ಬಿದ್ದರೆ ಇನ್ನೊಮ್ಮೆ ಎಸೆದು ಕೂಡಿಸಿಕೊಳ್ಳಬೇಕು. ಊರಿನವರಿಗೆ ಆ ಭಾಗ್ಯ ಎಂಟು ಎಸೆತಕ್ಕೆ ಒಂದು ಸಲ, ಬಂದವರಿಗೆ ನಾಲ್ಕಕ್ಕೆ ಒಂದು ಸಲ. ಒಟ್ಟು ಸರಾಸರಿ ತೆಗೆದರೆ ಪಂದ್ಯಕ್ಕೆ ಮೂರು ಗೋಲಿನ ಆಸುಪಾಸು ಬರುತ್ತದೆ. 1950ರ ವಿಶ್ವಕಪ್ಪಿನಲ್ಲಿ 22 ಪಂದ್ಯಕ್ಕೆ 88 ಗೋಲು ಬಿದ್ದಿದ್ದವು, ಅಂದರೆ ಸರಾಸರಿ ನಾಲ್ಕು. ಹುಣಸೆಬೀಜ ಅದಕ್ಕಿಂತ ಸಂಯಮಿ.

ಬೀಜದ ಮೇಲೆ ಒಂದೆರಡು ಸ್ಥಳೀಯ ತೆರಿಗೆಗಳೂ ಇದ್ದವು. ಬನದ ಹುಣ್ಣಿಮೆಯ ಆಚೀಚೆ ಬಾದಾಮಿ ತಂಡಕ್ಕೆ ಒಂದು ಬೀಜ ಕಡಿಮೆ. ಬನಶಂಕರಿ ಜಾತ್ರೆಯಲ್ಲಿ ಅಷ್ಟು ನಾಟಕ ಕಂಪನಿಗಳು ಡೇರೆ ಹಾಕಿರುವಾಗ ಬೆಳತನಕ ನಾಟಕ ನೋಡಿದ ಹುಡುಗರು ಮಧ್ಯಾಹ್ನ ಏನು ಓಡಿಯಾರು? ಹೋಳಿಯ ವಾರ ಬಾಗಲಕೋಟೆಯಲ್ಲಿ ಪಂದ್ಯವೇ ಇಲ್ಲ. ಬಣ್ಣದ ಬಂಡಿಗಳ ನಡುವೆ ಯಾರು ಯಾವ ತಂಡದವರು ಎಂದು ರೆಫರಿಗೆ ತಿಳಿಯುವುದಾದರೂ ಹೇಗೆ? ಸಾಮಾನ್ಯವಾಗಿ ಆಟ ಅಮಾವಾಸ್ಯೆಯ ದಿನ. ಅವತ್ತು ಎತ್ತಿಗೆ ನೊಗ ಹೂಡುವುದಿಲ್ಲ, ಹಳ್ಳಿಯ ಜನ ಬಿಡುವಾಗಿರುತ್ತಾರೆ. ಅರ್ಧ ವಿರಾಮಕ್ಕೆ ಅಮೀನಗಡದ ಕರದಂಟು. ಕಪ್ಪು ಬಹಳ ವರ್ಷ ಇರಲೇ ಇಲ್ಲ. ಕೆಂಪು ಗ್ರಾನೈಟಿನ ಗಣಿಗಳು ಜೋರಾದ ಮೇಲೆ ಒಂದು ಮಾಡಿಸಿದೆವು. ಎತ್ತಲು ನಾಲ್ಕು ಜನ ಬೇಕು, ಹಾಗಾಗಿ ಗೆದ್ದವರು ಅದನ್ನು ಮುಟ್ಟಿ ನಮಸ್ಕಾರ ಮಾಡಿ ಅಲ್ಲೇ ಬಿಟ್ಟುಹೋಗುತ್ತಾರೆ.

ಇಳಕಲ್ ತಂಡದ ಅಂಗಿ ಗಿರಿ ಕುಂಕುಮದ ಬಣ್ಣದ್ದು, ತೋಳಿಗೆ ಚಿಕ್ಕಿ ಪರಾಸ ದಡಿ. ಬರಿಗಾಲು. ಕುಣಿ ಮಗ್ಗದಲ್ಲಿ ಕೂತವನ ಕಾಲನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸೊಂಟದ ಕೆಳಗಿನದೆಲ್ಲ ನೆಲದೊಳಗೆ, ಮಬ್ಬಿನಲ್ಲಿ. ಹೆಬ್ಬೆರಳು ತುಳಿಹಲಗೆಯ ಅಂಚನ್ನು ಹಿಡಿದು ಒತ್ತುತ್ತದೆ, ಬಿಡುತ್ತದೆ. ಎಡ, ಬಲ, ಎಡ, ಬಲ, ಮೇಲೆ ಕೈ ಲಾಳಿ ಎಸೆಯುತ್ತಿರುವಾಗ ಕೆಳಗೆ ಎರಡು ಕಾಲೂ ತಮ್ಮ ಪಾಡಿಗೆ ತಾವು ಲೆಕ್ಕ ಇಡುತ್ತಿರುತ್ತವೆ. ಇಂಥವನಿಗೆ ಎಡಗಾಲು ಬಲಗಾಲೆಂಬ ಭೇದ ಎಲ್ಲಿಯದು? ರಹೀಮ್ ಸಾಹೇಬರು ಆಟಗಾರರಿಗೆ ರೂಢಿಯಿಲ್ಲದ ಕಾಲಿನಿಂದಲೇ ಆಡುವ ಪಂದ್ಯ ಇಡುತ್ತಿದ್ದರು ಎಂದು ಹೇಳುವುದುಂಟು. ಇಳಕಲ್ಲಿಗೆ ಬಂದಿದ್ದರೆ ಆ ಶ್ರಮ ಉಳಿಯುತ್ತಿತ್ತು. ಕಿರ್ದಿಯಲ್ಲಿ ‘ಲಾಳಿ’ ಎಂದೇ ಹೆಸರಾದ ನಮ್ಮ ಮುಂಚೂಣಿ ಆಟಗಾರ ಅರ್ಧ ಪಂದ್ಯ ಬಲಪಕ್ಕ, ಅರ್ಧ ಪಂದ್ಯ ಎಡಪಕ್ಕ ಆಡುತ್ತಿದ್ದ. ಹುನಗುಂದದವರು ಇಬ್ಬರು ಅಣ್ಣತಮ್ಮಂದಿರು ಇದ್ದಾರೆಂದು ದೂರು ಕೊಟ್ಟಿದ್ದರು.

ಹುನಗುಂದದ ದೂರು ಅದೊಂದೇ ಅಲ್ಲ. ಆಗ ತಾಲೂಕು ಕಚೇರಿ ಅಲ್ಲಿ, ಪೇಟೆ ಇಲ್ಲಿ. ಸೀಲು ಅವರದು, ಸಂತೆ ನಮ್ಮದು. ಅರ್ಧ ತಾಸಿನ ಬಸ್ಸಿನ ಹಾದಿಯ ಈ ಎರಡು ಊರುಗಳ ಪಂದ್ಯವನ್ನು ಬರೆಯುವಾಗ ದೊಡ್ಡಪ್ಪನ ಮಗನ ಕೈ ನಡುಗುತ್ತಿತ್ತು. 1961ರ ಕೊನೆಯ ಪಂದ್ಯದಲ್ಲಿ ನಮಗೆ ಸಮವಾದರೂ ಸಾಕಿತ್ತು, ಆಟ ಇಳಕಲ್ಲಿನಲ್ಲೇ. ನಮ್ಮ ಮೂರೂ ಬೀಜ ಕಪ್ಪಾಗಿ ಬಿದ್ದವು. ಹುನಗುಂದದ ಎರಡರಲ್ಲಿ ಒಂದು ಗೋಡೆಗೆ ತಾಗಿ, ತಿರುಗಿ, ಬೆಳ್ಳಗೆ ನಿಂತಿತು. ಅವನು ಬಹಳ ಹೊತ್ತು ಅದನ್ನೇ ನೋಡಿ, “ಗಾಳಿಗೆ ಹೊಳ್ಳೇತಲೇ ಅದು” ಎಂದ. ಬಾಗಿಲು ಹಾಕಿತ್ತು. 0–1 ಎಂದು ಬರೆದೆವು.

ಆ ಒಂದು ಗೆರೆ ಬರೆದ ದಿನದಿಂದ ಲೀಗು ನಿಜವಾಯಿತು ಎಂದು ನನ್ನ ಲೆಕ್ಕ. ಗೆಲುವನ್ನು ಯಾರು ಬೇಕಾದರೂ ಕಟ್ಟಿಯಾರು. ನಮ್ಮ ಜಿಲ್ಲೆಯ ಕಲ್ಲುಗಳೇ ಇದನ್ನು ಹೇಳುತ್ತವೆ. ಐಹೊಳೆಯ ಮೇಗುಟಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನೆಲ್ಲ ಬರೆಸಿದ, ಹರ್ಷನನ್ನು ಸೋಲಿಸಿದ್ದೂ ಸೇರಿ. ಎಂಟೇ ವರ್ಷಕ್ಕೆ ಪಲ್ಲವ ನರಸಿಂಹವರ್ಮ ಬಂದು ಬಾದಾಮಿ ಹಿಡಿದ; ಅವನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಮೊದಲನೆಯದನ್ನು ಮಾತ್ರ ಓದಿದವನಿಗೆ ಪುಲಕೇಶಿ ಒಂದು ಕಥೆ. ಎರಡನ್ನೂ ಓದಿದವನಿಗೆ ಅವನು ಮನುಷ್ಯ.

ಈ ಹುಚ್ಚು ನಮ್ಮದೊಂದೇ ಅಲ್ಲ. ಅಮೆರಿಕದ ಕಾದಂಬರಿಕಾರ ಜಾಕ್ ಕೆರೊವಾಕ್ ಹುಡುಗನಾಗಿದ್ದಾಗಲೇ ಒಂದು ಬೇಸ್‌ಬಾಲ್ ಲೀಗು ಹುಟ್ಟಿಸಿ, ತಂಡಗಳಿಗೆ ಕಾರುಗಳ ಹೆಸರಿಟ್ಟು, ಅದಕ್ಕೆ ತಾನೇ ಪತ್ರಿಕೆ ಬರೆದು, ದೊಡ್ಡವನಾದ ಮೇಲೂ ಬಿಡಲಿಲ್ಲ. ಆ ಕಾಗದಗಳು ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ರಾಬರ್ಟ್ ಕೂವರ್ 1968ರಲ್ಲಿ ಬರೆದ ಕಾದಂಬರಿಯಲ್ಲಂತೂ ಒಬ್ಬ ಲೆಕ್ಕಿಗ ರಾತ್ರಿಯೆಲ್ಲ ದಾಳ ಹಾಕಿ ಲೀಗು ನಡೆಸುತ್ತಾನೆ. ದಾಳ ಅವನ ಮೆಚ್ಚಿನ ಆಟಗಾರನನ್ನು ಕೊಲ್ಲುತ್ತದೆ. ತಡೆಯಲಾರದೆ ಅವನು ಒಂದು ದಿನ ದಾಳವನ್ನು ಕೈಯಿಂದ ತಿರುಗಿಸಿ ಇಡುತ್ತಾನೆ. ಅಲ್ಲಿಂದ ಅವನ ಬುದ್ಧಿ ಹಳಿ ತಪ್ಪುತ್ತದೆ. ದೊಡ್ಡಪ್ಪನ ಮಗನಿಗೆ ಈ ಕಥೆ ಹೇಳಿದೆ. “ಅಂವಂಗ ಹುನಗುಂದ ಇರಲಿಲ್ಲ ಬಿಡು, ಇದ್ದಿದ್ರ ಮೊದಲ ದಿನಾನ ತಿರುವತಿದ್ದ” ಎಂದ.

ಅವನ ಇನ್ನೊಂದು ಆಸೆ ಬ್ರೆಜಿಲ್. 1950ರ ವಿಶ್ವಕಪ್ಪಿಗೆ ಅರ್ಹತಾ ಗುಂಪಿನ ಇತರರು ಹಿಂದೆ ಸರಿದದ್ದರಿಂದ ಭಾರತಕ್ಕೆ ಅವಕಾಶ ತಾನಾಗಿ ಬಂದಿತ್ತು, ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆ ಮನೆಮನೆಯಲ್ಲಿದೆ. ಫೆಡರೇಶನ್ನಿನವರು ಆಗ ಹೇಳಿದ ಕಾರಣಗಳು ಬೇರೆ, ತಯಾರಿಗೆ ಸಮಯವಿಲ್ಲ, ಆಯ್ಕೆಯಲ್ಲಿ ಒಮ್ಮತವಿಲ್ಲ ಎಂಬಂಥವು. ಅವರ ಕಣ್ಣಿದ್ದದ್ದು ಒಲಿಂಪಿಕ್ಸಿನ ಮೇಲೆ. ಆದರೂ ಬರಿಗಾಲಿನ ಕಥೆಯ ಮುಂದೆ ನಮ್ಮ ಪೇದೆಯ ಕಥೆ ಏನೂ ಅಲ್ಲ. ನಮ್ಮದನ್ನು ನಂಬುವವರು ಒಂದು ಮನೆಯಷ್ಟು, ಅದನ್ನು ನಂಬುವವರು ಒಂದು ದೇಶದಷ್ಟು. ಹೋಗಿದ್ದರೆ ನಮ್ಮ ಗುಂಪಿನಲ್ಲಿ ಸ್ವೀಡನ್, ಇಟಲಿ, ಪರಗ್ವೆ. ಇಟಲಿ 1949ರ ಸುಪೆರ್ಗಾ ವಿಮಾನ ದುರಂತದಲ್ಲಿ ಟೊರಿನೊ ತಂಡವನ್ನೇ ಕಳೆದುಕೊಂಡು, ಹಾರಲು ಹೆದರಿ ಹಡಗಿನಲ್ಲಿ ಬಂದಿತ್ತು. ನಮ್ಮಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, 1948ರ ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಇದ್ದರು. ಆ ಪಂದ್ಯದಲ್ಲಿ ಎರಡು ಪೆನಾಲ್ಟಿ ಕೈಬಿಟ್ಟು 1–2ರಿಂದ ಸೋತದ್ದು. ಆಸೆಗೆ ಇಷ್ಟು ಸಾಕಲ್ಲವೇ? ಸಾಕು. ಆದರೆ ಅದು ಎರಡನೆಯ ಸುಳ್ಳು. ಕಿರ್ದಿಯಲ್ಲೂ ಭಾರತ ಬ್ರೆಜಿಲ್‌ಗೆ ಹೋಗಲಿಲ್ಲ. 1952ರಲ್ಲಿ ಹೆಲ್ಸಿಂಕಿಗೆ ಹೋಗಿ ಯುಗೊಸ್ಲಾವಿಯಾ ಕೈಯಲ್ಲಿ 1–10ರಿಂದ ಸೋತದ್ದು ಮಾತ್ರ ಇದೆ, ಮರು ವರ್ಷವೇ ನಮ್ಮ ಲೀಗಿನಲ್ಲಿ ಬೂಟು ಕಡ್ಡಾಯವಾದದ್ದೂ ಇದೆ. ಇಳಕಲ್ ಆ ವರ್ಷ ಕೊನೆಯ ಸ್ಥಾನ. ಲಾಳಿ ಬೂಟುಗಳನ್ನು ಕೊರಳಿಗೆ ಕಟ್ಟಿಕೊಂಡು ಮೈದಾನಕ್ಕೆ ಬಂದು, ಹಾಕಿಕೊಳ್ಳಬೇಕೆಂದು ಎಲ್ಲಿ ಬರೆದಿದೆ ಎಂದು ರೆಫರಿಗೆ ಕೇಳಿದ.

ಒಂದೇ ಒಂದು ಕಡೆ ಇಬ್ಬರೂ ಸೋತೆವು. 1956ರ ಏಕೀಕರಣದ ಮೇಲೆ ನಮ್ಮ ಹುಡುಗರು ಮೈಸೂರು ರಾಜ್ಯದ ತಂಡಕ್ಕೆ ಅರ್ಹರು. ಮೈಸೂರು ಸಂತೋಷ್ ಟ್ರೋಫಿಯನ್ನು 1967-68ರಲ್ಲೂ 1968-69ರಲ್ಲೂ ಗೆದ್ದಿತು. ಅದರಲ್ಲಿ ಇಳಕಲ್ಲಿನವನು ಒಬ್ಬನೂ ಬೇಡವೇ? ಪಂಚಾಯಿತಿ ಕೂತು, ಒಬ್ಬನನ್ನು ಮೀಸಲು ಆಟಗಾರರ ಬೆಂಚಿಗೆ ಕಳಿಸಲಾಯಿತು. ಕರಾರು: ಅವನು ಏಳಬಾರದು. ಎರಡು ವರ್ಷವೂ ಅವನು ಏಳಲಿಲ್ಲ, ಒಂದು ದಾಖಲೆಯೂ ಕದಲಲಿಲ್ಲ. ಮುಂದೆ ಕರ್ನಾಟಕಕ್ಕೆ ಆ ಟ್ರೋಫಿ ಬಂದದ್ದು 2023ರಲ್ಲಿ, ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಅಷ್ಟು ವರ್ಷವೂ ನಮ್ಮವನು ಅದೇ ಬೆಂಚಿನ ಮಾತು ಹೇಳಿಕೊಂಡೇ ಇಳಕಲ್ಲಿನ ಚಹಾದಂಗಡಿಗಳಲ್ಲಿ ಪುಕ್ಕಟೆ ಚಹಾ ಕುಡಿದ. 1975ರಲ್ಲಿ ನಮ್ಮೂರ ಮಠದ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ಚಟಗಳನ್ನೇ ಭಿಕ್ಷೆ ಬೇಡಲು ಹೊರಟಾಗ, ರೆಫರಿಗೆ ಬೈಯುವ ಚಟವನ್ನು ಮೊದಲು ಹಾಕಿದವನು ಇವನೇ ಎಂದು ಕಿರ್ದಿ ಹೇಳುತ್ತದೆ.

ಬಾಗಲಕೋಟೆಯದು ನಗುವ ವಿಷಯವಲ್ಲ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಕಿರ್ದಿಯಲ್ಲಿ ಆ ವರ್ಷದ ಪುಟದ ಅಂಚಿಗೆ ಪೆನ್ಸಿಲಿನ ಒಂದು ಸಣ್ಣ ಗುರುತಿದೆ. ನಮ್ಮ ಬಾಗಲಕೋಟೆ ತಂಡದ ಮೈದಾನ ಇದ್ದದ್ದು ಘಟಪ್ರಭೆಯ ಕಡೆಯ ತಗ್ಗಿನಲ್ಲಿ. ಹಿನ್ನೀರು ಬರುವುದು ಗೊತ್ತಿತ್ತು, ಬರುವ ವರ್ಷ ಗೊತ್ತಿರಲಿಲ್ಲ. ಊರು ನಿಜವಾಗಿ ಖಾಲಿಯಾಗತೊಡಗಿದಾಗ, ಓಣಿ ಓಣಿಯೇ ನವನಗರದ ಸೆಕ್ಟರುಗಳಿಗೆ ಹೊರಟಾಗ, ದೊಡ್ಡಪ್ಪನ ಮಗ ಈ ಸಲ ಜಗಳ ತೆಗೆಯಲಿಲ್ಲ, ಬೇಡಿಕೊಂಡ. ಕಾಗದದ ಮೇಲಿನ ಮೈದಾನ, ಅದನ್ನಾದರೂ ಉಳಿಸೋಣ, ಯಾರಿಗೇನು ನಷ್ಟ? ಅವನ ಹೆಂಡತಿಯ ತವರು ಬಾಗಲಕೋಟೆ. ಉಳಿಸಲಿಲ್ಲ. ಉಳಿಸಿದ್ದರೆ ಆ ಮೈದಾನಕ್ಕೆ ಹೋಗಿ ಆಡುವವರನ್ನು ಎಲ್ಲಿಂದ ತರುವುದು? ಅವರ ಮನೆಗಳೆಲ್ಲ ಸೆಕ್ಟರಿಗೆ ಹೋಗಿವೆ. ಮುಳುಗಿದ ಮೇಲೆ ಬಾಗಲಕೋಟೆ ತಂಡ ಮೂರು ಬೀಜದ ಬದಲು ಎರಡರಲ್ಲೇ ಊರಿನ ಪಂದ್ಯ ಆಡುತ್ತದೆ. ಹೊಸ ಜಾಗ ತಮ್ಮ ಊರೆನಿಸುವವರೆಗೆ ಎಂದು ಅಲ್ಲಿ ಬರೆದಿದೆ. ಆ ಕಲಮು ಇನ್ನೂ ತೆಗೆದಿಲ್ಲ.

ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಳಿಯ ಇಡೀ ಲೀಗನ್ನು ಎಕ್ಸೆಲ್ಲಿಗೆ ಹಾಕಿಕೊಟ್ಟಿದ್ದಾನೆ. ಒಂದು ಕೀಲಿ ಒತ್ತಿದರೆ ಐವತ್ತು ವರ್ಷದ ಪಂದ್ಯಗಳು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತವೆ. ಮುಧೋಳ ಸಾಲಾಗಿ ಆರು ಸಲ ಗೆದ್ದಿತು. ಬೇಟೆನಾಯಿಯ ಗುರುತಿನ ಆ ತಂಡದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಆರರಲ್ಲಿ ಒಂದನ್ನಾದರೂ ಯಾರಾದರೂ ನೆನಪಿಟ್ಟುಕೊಂಡಾರೆಯೇ? ಯಾರ ಬೀಜವೂ ಗೋಡೆಗೆ ತಾಗಲಿಲ್ಲ. ಅದನ್ನು ಕಿರ್ದಿಗೆ ಇಳಿಸಿಲ್ಲ.

ಕಿರ್ದಿಗೆ ನಿಜವಾದ ಕುತ್ತು ಬಂದದ್ದು ದೊಡ್ಡಪ್ಪನ ಮೊಮ್ಮಗಳಿಂದ. ಮೊನ್ನೆ ರಜೆಗೆ ಬಂದವಳು ಮೊದಲ ಪುಟದಿಂದ ಓದಿ, ಒಂದು ಪ್ರಶ್ನೆ ಎತ್ತಿದಳು. ಚೆಂಡು ಒತ್ತೆ ಬಿದ್ದದ್ದು ಅಂಗಡಿಯಲ್ಲಿ. ಅಂಗಡಿಯ ಹಿಂದೆಯೇ ಮನೆ. ಗಂಡಸರು ಬೆಳಗಿನಿಂದ ಬೈಗಿನವರೆಗೆ ಕುಣಿಯೊಳಗೆ. ಅಂಗಳದಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದವರು ಹೆಣ್ಣುಮಕ್ಕಳು. ಹಾಗಿದ್ದಮೇಲೆ ಚೆಂಡನ್ನು ಮೊದಲು ಒದ್ದವರು ಯಾರು?

ಇದು ಎರಡನೆಯ ಸುಳ್ಳು ಎಂದು ದೊಡ್ಡಪ್ಪನ ಮಗ ತಕ್ಷಣ ಆಕ್ಷೇಪ ಎತ್ತಿದ. ಅಲ್ಲ, ಮೊದಲನೆಯದನ್ನೇ ನೀವು ಸರಿಯಾಗಿ ಓದಿಲ್ಲ ಎಂದಳು ಅವಳು. ನಾನು ಪುಟ ತಿರುಗಿಸಿ ನೋಡಿದೆ. ಮೊದಲು ಒದ್ದವರು ಗಂಡಸರು ಎಂದು ಎಲ್ಲೂ ಬರೆದಿರಲಿಲ್ಲ.

“ಹಂಗಾದ್ರ 1949ರಿಂದ ಎಲ್ಲಾ ಮತ್ತ ಆಡಬೇಕಾಕ್ಕೈತಿ” ಎಂದ ಅವನು, ಹೆದರಿಸುವ ದನಿಯಲ್ಲಿ.

ಅವಳು ಆಗಲೇ ಅಡಿಗೆಮನೆಯಿಂದ ಹುಣಸೆಬೀಜ ತಂದು ಕಟ್ಟೆಯ ಕಲ್ಲಿಗೆ ತೇಯಲು ಕೂತಿದ್ದಳು.