ಕರಿಘಟ್ಟದಿಂದ ಪಟ್ಟಣಕ್ಕೆ

ಶ್ರೀರಂಗಪಟ್ಟಣವನ್ನು ನೋಡದ ಗೃಹಸ್ಥರು ನಮ್ಮ ನಾಡಿನಲ್ಲಿ ವಿರಳ. ಗದ್ದೆಬಯಲಿನ ನಡುವೆ ಕಾಲ್ನಡಿಗೆಯಿಂದ ಬಂದು ಅದನ್ನು ಸೇರಿದವರು ಇನ್ನೂ ವಿರಳ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯು ಉದ್ಘಾಟನೆಯಾದ ಮೇಲಂತೂ ಪ್ರಯಾಣಿಕನು ಊರನ್ನು ಹೊಗದೆಯೇ ಮುಂದೆ ಸಾಗಿಬಿಡಬಹುದು. ಅವಸರವುಳ್ಳವರಿಗೆ ಅದು ಲಾಭವೇ ಸರಿ. ಆದರೆ ಊರೆಂಬುದು ತನ್ನ ನೀರು ನೆಲಗಳ ಮಡಿಲಲ್ಲಿ ಹೇಗೆ ಕುಳಿತಿದೆಯೆಂಬುದನ್ನು ಅರಿಯಬೇಕೆನ್ನುವವರು ಕರಿಘಟ್ಟದಿಂದ ನಡೆದೇ ಬರಬೇಕು. ಇದು ಸುಮಾರು ಒಂದು ಹರದಾರಿಯ ದಾರಿ. ಜೊತೆಯಲ್ಲಿ ಒಂದು ನಾಯಿಯಿದ್ದರೆ ಆ ದಾರಿಯು ಬೇರೊಂದು ಪಾಠವನ್ನೂ ಕಲಿಸುತ್ತದೆ.

ಪುಷ್ಯಮಾಸದ ಒಂದು ಮಧ್ಯಾಹ್ನ ಮನೆಯವರು ನಾಲ್ವರು, ಮೋತಿಯೆಂಬ ನಮ್ಮ ನಾಟಿ ನಾಯಿಯೊಡನೆ ಬೆಟ್ಟದ ಬುಡದಲ್ಲಿದ್ದೆವು. ನಾಯಿಯನ್ನು ಇಬ್ಬರ ವಶದಲ್ಲಿ ಬಿಟ್ಟು, ಇಬ್ಬಿಬ್ಬರಾಗಿ ಮೆಟ್ಟಿಲನ್ನೇರಿ ಶ್ರೀನಿವಾಸನ ದರ್ಶನ ಮಾಡಿಕೊಂಡೆವು. ಮೇಲೆ ನಿಂತು ನೋಡಿದರೆ ಲೋಕಪಾವನಿಯು ಕಾವೇರಿಯನ್ನು ಸೇರುವ ಠಾವು, ಕಬ್ಬಿನ ಹಸುರು, ಕೊಯ್ಲಾದ ಗದ್ದೆಗಳ ಹೊಂಬಣ್ಣದ ಕೂಳೆ, ಆಚೆಗೆ ನಡುಗಡ್ಡೆಯ ಮೇಲೆ ಪಟ್ಟಣ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪುವಿನ ಪಾಳೆಯದ ಮೇಲೆ ಬಿದ್ದಾಗ, ಮ್ಯಾಕ್ಸ್‌ವೆಲ್ಲನ ದಳವು ಹಿಡಿದುದು ಈ ಗುಡ್ಡವನ್ನೇ. ದಂಡು ಬಂದು ಹೋಯಿತು. ಬೆಳೆಯುವವರು ಮಾತ್ರ ನಿಂತರು.

ಲೋಕಪಾವನಿಯ ಸೇತುವೆಯನ್ನು ದಾಟಿದ ಮೇಲೆ ನಾವು ರಸ್ತೆಯನ್ನು ಬಿಟ್ಟು ಗದ್ದೆಗಳ ಬದುವಿಗೆ ಇಳಿದೆವು. ಗ್ರಾಮದ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿರುವುದುಂಟು. ಮಿಕ್ಕ ಬದುಗಳ ಮೇಲೆ ನಾವು ನಡೆಯುವುದು ಒಕ್ಕಲುಮಕ್ಕಳ ದಾಕ್ಷಿಣ್ಯದಿಂದ. ಈ ಸೀಮೆಯಲ್ಲಿ ಒಂದೊಂದು ಬದುವಿನ ಹಿಂದೆಯೂ ಶತಮಾನಗಳ ದುಡಿಮೆಯಿದೆ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ಇವೆರಡೂ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಲ್ಲೊಡ್ಡುಗಳಿಂದ ಹೊರಟವು. ಕನ್ನಂಬಾಡಿ ಅಣೆಕಟ್ಟಿಗಿಂತ ಎಷ್ಟೋ ಹಿಂದಿನವು. ಹಾಗೆ ಬಂದ ನೀರನ್ನು ಗದ್ದೆಯಲ್ಲಿ ನಿಲ್ಲಿಸುವುದು ಈ ಮೊಳದಗಲದ ಮಣ್ಣಿನ ಬದು. ಒಂದು ನಾಯಿಯು ಇಲಿಯ ಬಿಲವನ್ನು ಕಂಡು ಹತ್ತು ನಿಮಿಷ ಕೆರೆದರೆ ಬದು ಜಾರುತ್ತದೆ. ನೀರು ಸೋರಿ ಪಕ್ಕದವನ ಗದ್ದೆಗೆ ಹೋಗುತ್ತದೆ. ಮೋತಿಗೆ ಇಲಿಯ ವಾಸನೆ ಹತ್ತಿದಾಗಲೆಲ್ಲ ನಾವು ಹಗ್ಗವನ್ನು ಗಿಡ್ಡವಾಗಿ ಹಿಡಿದು ಮುಂದೆ ನಡೆಸಿದೆವು.

ದಾರಿಯಲ್ಲಿ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಹಾಲು ಕುದಿದು ಪಾಕವಾಗುತ್ತಿತ್ತು. ಅಲ್ಲಿದ್ದ ತಾಯಿಯೊಬ್ಬರು ಕೇಳುವ ಮೊದಲೇ ಮಕ್ಕಳ ಕೈಗೆ ಬಿಸಿಬೆಲ್ಲದ ಉಂಡೆಯನ್ನಿತ್ತು, ನಾಯಿಗೆ ಬೋಗುಣಿಯಲ್ಲಿ ನೀರಿಟ್ಟರು. ಔಷಧಿ ಹೊಡೆದ ಗದ್ದೆಯ ನೀರನ್ನು ಅದಕ್ಕೆ ಕುಡಿಸಬೇಡಿರೆಂದು ಎಚ್ಚರಿಸಿದವರೂ ಅವರೇ.

ಮುಂದೆ ಕೂಳೆಯಲ್ಲಿ ಕುರಿಮಂದೆ ಮೇಯುತ್ತಿತ್ತು. ಕಾಯುತ್ತಿದ್ದ ಮುದುಕರು ದೂರದಿಂದಲೇ ಕೈಯೆತ್ತಿ, "ನಾಯಿನ ಬಿಗಿಯಾಗಿ ಹಿಡ್ಕಳಿ ಸ್ವಾಮಿ, ಕುರಿ ಬೆದರ್ತವೆ" ಎಂದರು. ನಾವು ಬದುವನ್ನು ಬಿಟ್ಟು ದೂರ ಸರಿದು ನಿಂತೆವು. ಮಂದೆಯು ದಾಟಿದ ಮೇಲೆ ಅವರು ಹತ್ತಿರ ಬಂದು, ಮೋತಿಯ ತಲೆಯನ್ನು ಸವರಿ, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ತಾತ, ನಿಮ್ಮ ನಾಯಿ ಎಲ್ಲಿ?" ಎಂದು ನಮ್ಮ ಚಿಕ್ಕವಳು ಕೇಳಿದಳು.

"ಚಿರತೆ ತಗೊಂಡೋಯ್ತು ಕಣವ್ವ. ಹೋದ್ ತಿಂಗ್ಳು. ಕಬ್ಬಿನ ಗದ್ದೇಲೆ ಮನಗಿತ್ತು ಅದು." ಬಳಿಕ ನಮ್ಮ ಕಡೆಗೆ ತಿರುಗಿ, "ಹೊತ್ತು ಮುಳುಗಾಕ್ ಮುಂಚೆ ಊರು ಸೇರ್ಕಳಿ. ನಾಯಿ ಅಂದ್ರೆ ಅದಕ್ಕೆ ಬಲು ಆಸೆ" ಎಂದರು.

ಇದು ಬೆದರಿಕೆಯ ಮಾತಲ್ಲ. ಎತ್ತರದ ಕಬ್ಬು ಚಿರತೆಗೆ ಒಳ್ಳೆಯ ಮರೆ. 2022ರಲ್ಲಿ ಬೃಂದಾವನ ಉದ್ಯಾನದಲ್ಲಿಯೇ ಚಿರತೆ ಕಾಣಿಸಿಕೊಂಡು, ಪ್ರವಾಸಿಗರ ಪ್ರವೇಶವನ್ನು ಕೆಲವು ಕಾಲ ನಿಲ್ಲಿಸಬೇಕಾಯಿತು. ಕುರಿಗಳ ರಕ್ಷಣೆಗಾಗಿ ನಾವು ಹಿಡಿದಿದ್ದ ಹಗ್ಗವೇ ಮೋತಿಯ ಪ್ರಾಣಕ್ಕೂ ರಕ್ಷೆಯೆಂಬುದು ಆಗ ನಮಗೆ ಮನದಟ್ಟಾಯಿತು. ಚಿಕ್ಕವಳು ಆಮೇಲೆ ಹಗ್ಗದ ತುದಿಯನ್ನು ಯಾರಿಗೂ ಕೊಡಲಿಲ್ಲ. ಕಬ್ಬಿನ ಸಾಲು ಬಂದಲ್ಲೆಲ್ಲ ನಾವು ಅವರಿಬ್ಬರನ್ನೂ ನಡುವೆ ಇಟ್ಟುಕೊಂಡು ನಡೆದೆವು.

ಊರಂಚಿನಲ್ಲಿ ನಾಲ್ಕಾರು ಬೀದಿನಾಯಿಗಳು ಬೊಗಳುತ್ತ ಎದ್ದುವು. ಅವುಗಳ ಸರಹದ್ದಿಗೆ ಬಂದವರು ನಾವು. ಓಡದೆ, ಕಲ್ಲೆತ್ತದೆ, ನಿಧಾನವಾಗಿ ಬಳಸಿಕೊಂಡು ಹೋದರೆ ಸಾಮಾನ್ಯವಾಗಿ ಅವು ಸುಮ್ಮನಾಗುತ್ತವೆ. ಆದರೂ ಮನೆಯ ನಾಯಿಗೆ ವರ್ಷವರ್ಷವೂ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸದೆ ಇಂತಹ ದಾರಿಗೆ ಕರೆದೊಯ್ಯಲಾಗದು. ಮನುಷ್ಯರಿಗೆ ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 1885ರಲ್ಲಿ ಪಾಶ್ಚರನು ಮೊದಲು ಬಾಲಕನೊಬ್ಬನಿಗೆ ಪ್ರಯೋಗಿಸಿದ ಈ ಲಸಿಕೆಯು ಕಾಲಕ್ಕೆ ಸರಿಯಾಗಿ ದೊರೆತರೆ ಪ್ರಾಣವನ್ನು ಉಳಿಸುತ್ತದೆ. ರೋಗವು ತಲೆದೋರಿದ ಮೇಲೆ ಉಳಿಯುವುದು ಬಹು ದುರ್ಲಭ.

ಹಳೆಯ ಬೆಂಗಳೂರು ರಸ್ತೆಯನ್ನು ಸೇರಿ, ಕಾವೇರಿಯ ಉತ್ತರದ ಕವಲನ್ನು ದಾಟಿ ನಾವು ಪಟ್ಟಣವನ್ನು ಹೊಕ್ಕಾಗ ಇನ್ನೂ ಬಿಸಿಲಿತ್ತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಕಲ್ಲುಸೇತುವೆಯೂ ಈ ಊರಿನಲ್ಲಿ ಉಳಿದಿದೆ. ಕೋಟೆಯೂ ಅರಮನೆಯೂ ಇವೆ. ಅವುಗಳನ್ನು ನೋಡಲು ಎಲ್ಲರೂ ಬರುತ್ತಾರೆ. ಅವೆಲ್ಲವನ್ನೂ ಸಾಕಿದ ಗದ್ದೆಗಳನ್ನು ನೋಡಬಯಸುವವರು ಮಧ್ಯಾಹ್ನಕ್ಕೆ ಹೊರಡಲಿ, ನಾಯಿಯನ್ನು ಹಗ್ಗದಲ್ಲಿಡಲಿ, ಎದುರಾದ ಮಂದೆಗೆ ದಾರಿ ಬಿಡಲಿ. ಸ್ವರ್ಗದ ಬಾಗಿಲಿನಲ್ಲಿಯೂ ಧರ್ಮರಾಯನು ತನ್ನನ್ನು ಹಿಂಬಾಲಿಸಿದ ನಾಯಿಯನ್ನು ಕೈಬಿಡಲಿಲ್ಲವೆಂದು ಭಾರತವು ಹೇಳುತ್ತದೆ. ಒಕ್ಕಲಿಗರ ಗದ್ದೆಯಲ್ಲಿಯೂ ಕೈಬಿಡದಿರುವುದೇ ಧರ್ಮ.