ಬಾಗಿಲಿಲ್ಲದ ಕಾರು

ನನ್ನ ಕಾರಿಗೆ ಬಾಗಿಲಿಲ್ಲ, ಸೂರಿಲ್ಲ, ಎಸಿಯಂತೂ ಇಲ್ಲವೇ ಇಲ್ಲ. ನಂಬರ್ ಪ್ಲೇಟೂ ಇಲ್ಲ. ಶೆಡ್ಡಿನಲ್ಲಿ ಬೆಸೆದ ಗಾಡಿಗೆ ಆರ್‌ಟಿಒ ಮೊಹರು ಬೀಳುವುದು ನಮ್ಮಲ್ಲಿ ಸುಲಭದ ಮಾತಲ್ಲ. ರಸ್ತೆಗಿಳಿಯುವ ಹಾಗಿಲ್ಲದ್ದರಿಂದ ಅದು ಎಲ್ಲಿಗೆ ಹೋಗಬೇಕಾದರೂ ಇನ್ನೊಂದು ಗಾಡಿಯ ಬೆನ್ನೇರಿಯೇ ಹೋಗಬೇಕು. ಬಂದ ನೆಂಟರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಷ್ಟು ಮೈಲೇಜ್ ಕೊಡುತ್ತೆ?" ಅನ್ನುತ್ತಾರೆ. ನಮ್ಮ ಚಿಕ್ಕಪ್ಪನ ಮಾತು ಇನ್ನೂ ನೇರ: "ಅಷ್ಟು ದುಡ್ಡಿಗೆ ಒಂದೊಳ್ಳೆ ಸ್ವಿಫ್ಟೇ ಬರ್ತಿತ್ತಲ್ಲೋ!"

ಬರುತ್ತಿತ್ತು, ಸುಖವಾಗಿಯೂ ಇರುತ್ತಿತ್ತು. ಆದರೆ ಆ ಸ್ವಿಫ್ಟಿನ ಮುಂದಿನ ಎಡ ಚಕ್ರದ ಬ್ರಾಕೆಟ್ ಬೆಸೆಯುತ್ತಿದ್ದಾಗ ಕರೆಂಟ್ ಹೋಯಿತೆಂಬುದು, ಅದು ಬರುವವರೆಗೆ ನಾವು ಮೂಲೆಯಂಗಡಿಯಲ್ಲಿ ಟೀ ಹೀರುತ್ತ ಚಕ್ರದ ವಾಲು, ಅಂದರೆ ಕ್ಯಾಂಬರ್, ಎಷ್ಟು ಡಿಗ್ರಿ ಇರಬೇಕೆಂದು ಜಗಳವಾಡಿದೆವೆಂಬುದು ನನಗೆ ಗೊತ್ತಿರುತ್ತಿರಲಿಲ್ಲ. ಈ ಕಾರಿನ ಒಂದೊಂದು ಬೋಲ್ಟಿನ ಜಾತಕವೂ ನನಗೆ ಬಾಯಿಪಾಠ. ಹುಚ್ಚು ಅಂದರೆ ಅದೇ, ಸುಖ ಅಂದರೂ ಅದೇ.

ಈ ವಂಶದ ಮೂಲಪುರುಷ ಇಂಗ್ಲೆಂಡಿನವನು. ಕಾಲಿನ್ ಚಾಪ್‌ಮನ್ 1957ರಲ್ಲಿ ತನ್ನ ಲೋಟಸ್ ಕಂಪನಿಯಿಂದ 'ಸೆವೆನ್' ಎಂಬ ಪುಟಾಣಿ ಕಾರನ್ನು ಹೊರತಂದ. ಕೊಳವೆಗಳ ಹಂದರ, ಮೇಲೆ ಅಲ್ಯುಮಿನಿಯಂ ತಗಡು, ಇಬ್ಬರು ತೊಡೆ ಒತ್ತಿಕೊಂಡು ಕೂರುವಷ್ಟು ಜಾಗ. ಅಲ್ಲಿ ಆಗ ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಾಗಿ ಕೊಂಡರೆ ಬೀಳುತ್ತಿರಲಿಲ್ಲ. ಜನ ಬಿಡಿಭಾಗಗಳನ್ನೇ ತಂದು ಮನೆಯಲ್ಲಿ ಜೋಡಿಸಿಕೊಂಡರು. ತೆರಿಗೆ ಉಳಿಸಲು ಹತ್ತಿದ ಚಟ ತೆರಿಗೆಯ ಕಾನೂನು ಬದಲಾದ ಮೇಲೂ ಬಿಡಲಿಲ್ಲ. 1973ರಲ್ಲಿ ಹಕ್ಕು ಪಡೆದ ಕೇಟರ್‌ಹ್ಯಾಮ್ ಕಂಪನಿ ಹೆಚ್ಚುಕಡಿಮೆ ಅದೇ ಕಾರನ್ನು ಈಗಲೂ ಮಾಡಿ ಮಾರುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಅಂಥದ್ದೇ ಕಾರನ್ನು ಬರೀ 250 ಪೌಂಡಿಗೆ ಕಟ್ಟಿಕೊಳ್ಳಬಹುದು ಎಂದು ಒಂದು ಪುಸ್ತಕ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟ್ ಬಿಚ್ಚಿಕೊಳ್ಳಿ, ಒಂದಿಂಚಿನ ಚೌಕ ಟ್ಯೂಬು ತನ್ನಿ, ಕತ್ತರಿಸಿ, ಬೆಸೆಯಿರಿ. ಅಷ್ಟರಲ್ಲೇ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ಆದರೆ ಆ ಅಂಕಿಯನ್ನು ಹೆಂಡತಿಗೆ ತೋರಿಸಿ ಕೆಲಸ ಶುರುಮಾಡಿದವರು ಪ್ರಪಂಚದ ತುಂಬ ಇರಬೇಕು.

ನಮ್ಮ ಕಡೆಯಲ್ಲೂ ಈ ಹುಚ್ಚಿಗೆ ಹಿರಿಯರಿದ್ದಾರೆ. ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ ಎಂಜಿನ್ ಕೂರಿಸಿ ಒಂಟಿ ಸೀಟಿನ ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಮಾಡಿದರು. ಮುಂದೆ ಫಾರ್ಮುಲಾ ಒನ್ ಮುಟ್ಟಿದ ನರೇನ್ ಕಾರ್ತಿಕೇಯನ್ ಕೂಡ ಆ ಕಾರುಗಳಲ್ಲಿ ಪಳಗಿದವರೇ. 1995ರಲ್ಲಿ ವಿಮಾನ ದುರಂತದಲ್ಲಿ ಕರಿವರ್ಧನ್ ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಅವರದೇ ಹೆಸರು. ಕೈಗೆ ಸಿಕ್ಕ ಎಂಜಿನ್ನಿನಲ್ಲೇ ಕಾರು ಮಾಡಬಹುದೆಂಬ ಧೈರ್ಯ ನನಗೆ ಬಂದದ್ದು ಅವರಿಂದ.

ನನ್ನ ಕೈಗೆ ಸಿಕ್ಕಿದ್ದು ಜಿಪ್ಸಿ. ನಮ್ಮಲ್ಲಿ ಸಣ್ಣ ಕಾರು ಅಂದರೆ ಮುಂದಿನ ಚಕ್ರ ಎಳೆಯುವಂಥದ್ದು. ಅದರಲ್ಲಿ ಎಂಜಿನ್ ಅಡ್ಡಡ್ಡ ಮಲಗಿರುತ್ತದೆ. ಸೆವೆನ್ ಮಾದರಿಗೆ ಬೇಕಾದದ್ದು ಉದ್ದುದ್ದ ಕೂತು ಹಿಂದಿನ ಚಕ್ರಕ್ಕೆ ಬಲ ಕೊಡುವ ಎಂಜಿನ್. ಮಾರುತಿ ಜಿಪ್ಸಿಯದು ಹಾಗೇ ಕೂತಿದೆ: 1298 ಸಿಸಿ, 80 ಅಶ್ವಶಕ್ತಿ, ಐದು ಗೇರು. ಇನ್ನೊಂದು ಪುಣ್ಯವೆಂದರೆ ಅದರ ಫೋರ್‌ವೀಲ್ ಡ್ರೈವಿನ ಪೆಟ್ಟಿಗೆ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ದೂರದಲ್ಲಿ ಬೇರೆಯೇ ಇದೆ. ಅದನ್ನು ಬಿಟ್ಟು ಗೇರ್‌ಬಾಕ್ಸಿನಿಂದ ನೇರ ಹಿಂದಕ್ಕೆ ಶಾಫ್ಟ್ ಕೊಟ್ಟರೆ ಆಯಿತು. ಸುಮಾರು ಒಂದು ಟನ್ನಿನ ಜಿಪ್ಸಿಯನ್ನು ಬೆಟ್ಟ ಹತ್ತಿಸುತ್ತಿದ್ದ ಎಂಜಿನ್ ಈಗ 550 ಕೆಜಿಯ ಕಾರನ್ನು ಎಳೆಯುತ್ತದೆ. ಹೊರೆ ಇಳಿದ ಮೇಲೆ ಎತ್ತಿಗೆ ಎಷ್ಟು ಖುಷಿಯೋ ನೋಡಿ!

ಹಂದರ ಕಟ್ಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ. ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡಿಕೊಡುವ ವೆಲ್ಡರ್ ಅಣ್ಣನೊಬ್ಬ, ಅವನ ಕೆಲಸ ಮುಗಿದ ಮೇಲೆ ನಮ್ಮ ಕೆಲಸ. ಮೊದಲ ದಿನ ನಕ್ಷೆ ನೋಡಿ, "ಸಾರ್, ಇದೇನು ಇಷ್ಟೊಂದು ಅಡ್ಡಪಟ್ಟಿ, ಮಂಚ ಆಗ್ತಿದೆಯೋ ಕಾರ್ ಆಗ್ತಿದೆಯೋ?" ಎಂದ. ನಾಲ್ಕು ಟ್ಯೂಬಿನ ಚೌಕವೊಂದನ್ನು ಟ್ಯಾಕ್ ಹಾಕಿಸಿ ಅವನ ಕೈಗೇ ಕೊಟ್ಟೆ. ಮೂಲೆ ಹಿಡಿದು ಒತ್ತಿದಾಗ ಚೌಕ ಒಂದು ಕಡೆಗೆ ವಾಲಿತು. ಮೂಲೆಯಿಂದ ಮೂಲೆಗೆ ಒಂದು ಓರೆ ಟ್ಯೂಬು ಕೂರಿಸಿ ಮತ್ತೆ ಕೊಟ್ಟೆ. ಈ ಸಲ ಒತ್ತಿದ, ಮೊಣಕಾಲು ಕೊಟ್ಟು ಒತ್ತಿದ, ಅಲುಗಲಿಲ್ಲ. ಮಾತಾಡದೆ ಹೆಲ್ಮೆಟ್ ಕೆಳಗಿಳಿಸಿದ. ಆಮೇಲೆ ಓರೆ ಟ್ಯೂಬು ಎಲ್ಲಾದರೂ ಬಿಟ್ಟುಹೋದರೆ ಅವನೇ ನನ್ನನ್ನು ಕರೆದು ತೋರಿಸುತ್ತಿದ್ದ.

ಬೆಸುಗೆಯ ಕೆಲಸ ನೋಡಲೆಂದೇ ನಾನು ಕೆಲವು ಸಲ ಸುಮ್ಮನೆ ಹೋಗಿ ಕೂತದ್ದುಂಟು. ಮೊದಲು ಇಡೀ ಹಂದರಕ್ಕೆ ಬರೀ ಟ್ಯಾಕ್, ಬೊಟ್ಟಿಟ್ಟ ಹಾಗೆ. ಮೂಲೆಮಟ್ಟ ಹಿಡಿದು, ಕರ್ಣಗಳನ್ನು ಟೇಪಿನಲ್ಲಿ ಅಳೆದು, ಎರಡೂ ಒಂದೇ ಬಂದ ಮೇಲೆಯೇ ಪೂರ್ತಿ ಬೆಸುಗೆ. ಅದೂ ಒಂದು ಬದಿಯಿಂದ ಶುರುಮಾಡಿ ಉದ್ದಕ್ಕೆ ಎಳೆದುಕೊಂಡು ಹೋಗುವುದಲ್ಲ. ಬಲಗಡೆ ಒಂದಿಂಚು, ಎದ್ದು ಹೋಗಿ ಎಡಗಡೆ ಒಂದಿಂಚು. ಕಾದ ಕಬ್ಬಿಣ ತಣಿಯುವಾಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎರಡೂ ಬದಿ ಸಮಸಮ ಎಳೆದರೆ ಹಂದರ ನೆಟ್ಟಗೆ ನಿಲ್ಲುತ್ತದೆ. ಗೇಟಿನ ಕೆಲಸದಲ್ಲಿ ಇದು ಅವನಿಗೆ ಮೊದಲೇ ಗೊತ್ತಿದ್ದ ವಿದ್ಯೆ. ನನಗೆ ಹೊಸದು.

ಆಯುಧಪೂಜೆಯ ಹೊತ್ತಿಗೆ ಕಾರಿಗೆ ಚಕ್ರ ಬಂದಿರಲಿಲ್ಲ. ಶೆಡ್ಡಿನವರೆಲ್ಲ ತಮ್ಮ ಡ್ರಿಲ್ಲಿಂಗ್ ಮೆಷೀನಿಗೆ, ಗ್ರೈಂಡರಿಗೆ ಹೂವು ಮುಡಿಸಿದರು. ಕಾರಿಗೆ ಬಾಳೆಕಂದು ಕಟ್ಟಿಯಾಯಿತು, ಕುಂಬಳಕಾಯಿ ನಿವಾಳಿಸಿಯಾಯಿತು. ನಿಂಬೆಹಣ್ಣು ಇಡುವುದೆಲ್ಲಿ? ಕೊನೆಗೆ ನಾಲ್ಕು ಜಾಕ್ ಸ್ಟ್ಯಾಂಡುಗಳ ಪಕ್ಕ ನಾಲ್ಕು ಹಣ್ಣಿಟ್ಟು ಕೈಮುಗಿದೆವು. ಹತ್ತಿ ಇಳಿಯಲಾರದ ಕಾರಿನ ಪರವಾಗಿ ವೆಲ್ಡರ್ ಅಣ್ಣನೇ ನಾಲ್ಕನ್ನೂ ಚಪ್ಪಲಿಗಾಲಿನಿಂದ ತುಳಿದು ಶಾಸ್ತ್ರ ಮುಗಿಸಿದ.

ತಗಡು ಕತ್ತರಿಸುವುದು, ಪಾಪ್ ರಿವೆಟ್ ಹೊಡೆಯುವುದು, ವೈರಿಂಗ್, ಇವೆಲ್ಲ ಬೇಜಾರಿನ ಕೆಲಸ. ಫೈಬರ್‌ಗ್ಲಾಸ್ ಉಜ್ಜಿದ ದಿನ ರಾತ್ರಿಯಿಡೀ ಮೈ ತುರಿಕೆ. ಅದನ್ನು ಇಲ್ಲಿ ಹಾಡುವುದು ಬೇಡ. ನಾನು ಸವಿದ ಕೆಲಸವೆಂದರೆ ತೂಗುವುದು. ಕಾರಿನ ಒಟ್ಟು ತೂಕವನ್ನಲ್ಲ, ನಾಲ್ಕು ಚಕ್ರಗಳ ತೂಕವನ್ನು ಬೇರೆಬೇರೆಯಾಗಿ. ಅದಕ್ಕೆಂದೇ ಮಾಡಿದ ಉಪಕರಣದ ಬೆಲೆ ಕೇಳಿ ಸುಮ್ಮನಾದೆ. ಯಶವಂತಪುರ ಯಾರ್ಡಿನ ಪರಿಚಯದ ಮಂಡಿಯಿಂದ ಮೂಟೆ ತೂಗುವ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿ ತಂದೆ. "ಕಾರ್ ತೂಗೋಕೆ ವೇಬ್ರಿಡ್ಜ್ ಇಲ್ವಾ ಸ್ವಾಮಿ?" ಎಂದು ಕೇಳುತ್ತಲೇ ಮಂಡಿಯವರು ಎತ್ತಿಕೊಟ್ಟರು.

ಗಾರೆಯವರು ಹಿಡಿಯುವ ನೀರಿನ ಪೈಪಿನಿಂದ ನಾಲ್ಕೂ ತಕ್ಕಡಿಯ ಮಟ್ಟ ನೋಡಿ, ತಗ್ಗಾದ ಕಡೆ ಪ್ಲೈವುಡ್ ಚೂರು ಕೊಟ್ಟು, ಕಾರನ್ನು ಮೇಲೇರಿಸಿದೆವು. ನಾನೋ ಕೆಳಗೆ ಮಲಗಿ ತಿರುಪು ತಿರುಗಿಸಬೇಕಾದವನು. ಆದ್ದರಿಂದ ಸೀಟಿನಲ್ಲಿ ನನ್ನ ಬದಲಿಗೆ 50 ಕೆಜಿಯ ರಾಗಿ ಮೂಟೆ, ಅದರ ತೊಡೆಯ ಮೇಲೆ 20 ಕೆಜಿಯ ಅಕ್ಕಿ ಚೀಲ. ಮುಂದಿನ ಎಡಕ್ಕೆ 120, ಮುಂದಿನ ಬಲಕ್ಕೆ 180, ಹಿಂದಿನ ಎಡಕ್ಕೆ 172, ಹಿಂದಿನ ಬಲಕ್ಕೆ 150. ಒಟ್ಟು 622. ಓರೆಯಾಗಿ ಕೂಡಿದರೆ ಒಂದು ಕರ್ಣದಲ್ಲಿ 352, ಇನ್ನೊಂದರಲ್ಲಿ 270. ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಕುಣಿಸುವ ಹೋಟೆಲ್ ಮೇಜಿನ ಕತೆಯೇ ಇದು. ಹೀಗೆ ಬಿಟ್ಟರೆ ಎಡ ತಿರುವಿನಲ್ಲಿ ಕಾರಿನ ಮೂತಿ ಹೊರಗೆ ಜಾರುತ್ತದೆ, ಬಲ ತಿರುವಿನಲ್ಲಿ ಬಾಲ ಬೀಸುತ್ತದೆ.

ಮದ್ದು ಸ್ಪ್ರಿಂಗಿನ ಕೆಳಗಿನ ಕಾಲರಿನಲ್ಲಿದೆ. ಮುಂದಿನ ಎಡದ ಕಾಲರನ್ನು ಅರ್ಧ ಸುತ್ತು ಮೇಲೆತ್ತಿದೆ. ಅಲ್ಲಿ ತೂಕ ಏರಿತು. ಜೊತೆಗೆ, ನಾನು ಮುಟ್ಟಿಯೇ ಇರದ ಹಿಂದಿನ ಬಲದಲ್ಲೂ ಏರಿತು, ಉಳಿದೆರಡರಲ್ಲಿ ಇಳಿಯಿತು. ಎಡ ಬದಿಯ ಮೊತ್ತ ಅದೇ, ಮುಂದಿನ ಮೊತ್ತ ಅದೇ, ಒಟ್ಟೂ ಅದೇ. ಒಂದು ಗ್ರಾಂ ಹೊರಗೆ ಹೋಗಲಿಲ್ಲ, ಒಳಗೆ ಬರಲಿಲ್ಲ. ಇದು ಹೀಗೇ ಆಗುತ್ತದೆಂದು ಓದಿ ತಿಳಿದಿದ್ದೆ. ಆದರೂ ನಾಲ್ಕು ಕೆಂಪು ಅಂಕಿಗಳು ಒಟ್ಟಿಗೇ ಕದಲಿದ್ದನ್ನು ಕಂಡಾಗ ಮತ್ತೆ ಮತ್ತೆ ತಿರುಗಿಸಿ ನೋಡೋಣ ಅನ್ನಿಸಿತು. ಪ್ರತಿ ಸಲವೂ ಕಾರನ್ನು ಕುಲುಕಿ ಸ್ಪ್ರಿಂಗ್ ಕೂರಿಸಿ, ಮತ್ತೆ ಓದಿ, ಮತ್ತೆ ಕಾಲು ಸುತ್ತು. ಕೊನೆಗೆ 141, 159, 151, 171. ಓರೆ ಮೊತ್ತಗಳು 310, 312. ರಾಗಿ ಮೂಟೆಯನ್ನು ಇಳಿಸಿ ಬೆನ್ನು ತಟ್ಟಿದೆ.

ಇಷ್ಟೆಲ್ಲ ಮಾಡಿದ ಕಾರು ಓಡುವುದು ಇರುಂಗಾಟುಕೋಟೈಯಲ್ಲಿ. ಬೆಂಗಳೂರಿನಿಂದ ಹೋದರೆ ಶ್ರೀಪೆರಂಬದೂರು ದಾಟಿ ಸಿಗುವ ಈ ಟ್ರ್ಯಾಕು ಸುಮಾರು 3.7 ಕಿಲೋಮೀಟರ್, ಹನ್ನೆರಡು ತಿರುವು. ಶೋಳಾವರಂನ ಹಳೆಯ ವಿಮಾನಪಟ್ಟಿಯಲ್ಲಿ ರೇಸು ನಡೆಸುತ್ತಿದ್ದ ಮದ್ರಾಸಿನ ಕ್ಲಬ್ಬಿನವರು 1990ರ ಹೊತ್ತಿಗೆ ಕಟ್ಟಿಕೊಂಡದ್ದು. ಟ್ರ್ಯಾಕ್ ಡೇ ಎಂದರೆ ರೇಸಲ್ಲ. ಬಹುಮಾನವಿಲ್ಲ, ಮುಂದಿರುವವನು ಕೈತೋರಿಸಿದರಷ್ಟೇ ಹಿಂದಿಕ್ಕಬೇಕು. ದುಬಾರಿ ಜರ್ಮನ್ ಕಾರಿನವರು ನೆಟ್ಟಗಿನ ಓಟದಲ್ಲಿ ನನ್ನನ್ನು ಬಿಟ್ಟು ಮಾಯವಾಗುತ್ತಾರೆ, ಆದರೆ ಬ್ರೇಕ್ ಹಾಕುವ ಜಾಗದಲ್ಲಿ ಮತ್ತೆ ಎದುರಿಗೇ ಸಿಗುತ್ತಾರೆ. ಒಂದೂವರೆ ಟನ್ ನಿಲ್ಲಿಸುವುದಕ್ಕೂ ಅರ್ಧ ಟನ್ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆಯಲ್ಲ. ಮಧ್ಯಾಹ್ನದ ಆ ಬಿಸಿಲಿಗೆ ಅವರ ಬ್ರೇಕುಗಳು ಹೊಗೆಯಾಡುತ್ತವೆ, ನನ್ನವು ಬೆಚ್ಚಗಿರುತ್ತವೆ. ಬೆಚ್ಚಗಿರುವುದು ಬ್ರೇಕು ಮಾತ್ರವಲ್ಲ. ಎಂಜಿನ್ನಿಗೂ ನನ್ನ ಮೊಣಕಾಲಿಗೂ ನಡುವೆ ಇರುವುದು ಒಂದು ತಗಡು.

ಕಳೆದ ಸಲ ಒಂದು ಎಡ ತಿರುವಿನಲ್ಲಿ ಹಿಂದುಗಡೆ 'ಟಕ್' ಎಂದಿತು. ಮುಂದಿನ ಸುತ್ತಿನಲ್ಲಿ ಅದೇ ಜಾಗ, ಅದೇ ಟಕ್. ಬಲ ತಿರುವಿನಲ್ಲಿ ಇಲ್ಲ. ಗಂಟಲಿನವರೆಗೆ ಬೆಲ್ಟು ಬಿಗಿದುಕೊಂಡು ಕೂತವನು ಸ್ಟೀರಿಂಗ್ ಹಿಡಿದೇ ಹಿಂದಿನ ಅರ್ಧ ಕಾರನ್ನು ಮನಸ್ಸಿನಲ್ಲೇ ಬಿಚ್ಚತೊಡಗಿದೆ. ಶಾಕ್ ಅಬ್ಸಾರ್ಬರ್ ಆಗಿದ್ದರೆ ಉಬ್ಬಿನ ಮೇಲೂ ಹೇಳಬೇಕಿತ್ತು. ಬೇರಿಂಗ್ ಆಗಿದ್ದರೆ ಗುಂಯ್ ಅನ್ನುತ್ತಿತ್ತು, ಟಕ್ ಅನ್ನುತ್ತಿರಲಿಲ್ಲ. ಉಳಿದದ್ದು ಆಕ್ಸಲ್ ಅತ್ತಿತ್ತ ಸರಿಯದಂತೆ ಅಡ್ಡ ಹಿಡಿದಿರುವ ಸರಳು. ಅದರ ಒಂದು ತುದಿಯ ರಬ್ಬರ್ ಬುಷ್ ಸವೆದಿರಬೇಕು. ಪಿಟ್ಟಿಗೆ ತಂದು, ಕೆಳಗೆ ತೆವಳಿ, ಸರಳು ಹಿಡಿದು ಎಳೆದೆ. ಬಲ ತುದಿ ಭದ್ರ. ಎಡ ತುದಿ ಬೆರಳಿಗೆ ಆಡಿತು.

ಸೋಮವಾರ ಪೀಣ್ಯಕ್ಕೆ ಹೋದಾಗ ವೆಲ್ಡರ್ ಅಣ್ಣ ಯಾರದೋ ಮನೆಯ ಗೇಟಿಗೆ ಕಬ್ಬಿಣದ ನವಿಲು ಬೆಸೆಯುತ್ತಿದ್ದ. "ಎಷ್ಟು ಸ್ಪೀಡ್ ಹೋಯ್ತು ಸಾರ್?" ಎಂದ. ಸ್ಪೀಡಿನ ವಿಷಯ ಆಮೇಲೆ ಹೇಳ್ತೀನಿ, ಎಡ ತುದಿಯ ಬುಷ್ ಆಡ್ತಿದೆ ಎಂದೆ.

"ಎಡದ್ದಾ? ಕರೆಂಟ್ ಹೋಗಿತ್ತಲ್ಲ, ಆ ಕಡೆದಾ?"

"ಅದು ಮುಂದಿಂದು ಅಣ್ಣ. ಇದು ಹಿಂದಿಂದು."

"ಹಾಗಾದ್ರೆ ಬ್ರಾಕೆಟ್ ಗಟ್ಟಿ ಇದೆ, ರಬ್ಬರ್ ಬೇಡ, ನೈಲಾನ್ ಹಾಕ್ಸೋಣ. ಪಕ್ಕದ ಲೇತಿನವನಿಗೆ ಹೇಳಿ ಸಂಜೆಯೊಳಗೆ ತಿರುಗಿಸಿ ಕೊಡಿಸ್ತೀನಿ" ಎಂದವನೇ ನವಿಲನ್ನು ಕುತ್ತಿಗೆಯಿಲ್ಲದೆ ಅಲ್ಲೇ ಬಿಟ್ಟು ಟಾರ್ಚ್ ಹುಡುಕತೊಡಗಿದ.